ಗಾಳಿ ಪೈಪಿಗೆ ನೀರು ಹೊಕ್ಕರೆ ಏನಾಗುತ್ತೆ?

ಇವತ್ತಿನ ಕಥೆ 1979ರ ಮಾರ್ಚ್ 28ರದ್ದು. ಅಮೆರಿಕದ ಪೆನ್ಸಿಲ್ವೇನಿಯಾ, ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ 2ನೇ ಘಟಕ, ಬೆಳಗಿನ ಜಾವ 4 ಗಂಟೆ. ನೀರು ಶುದ್ಧ ಮಾಡುವ ತೊಟ್ಟಿಯೊಂದರಲ್ಲಿ ರಾಳದ ಮಣಿಗಳು ಗಟ್ಟಿಯಾಗಿ ಕೂತಿದ್ದವು. ಗಾಳಿ, ನೀರು ಎರಡನ್ನೂ ನುಗ್ಗಿಸಿ ಅದನ್ನು ಬಿಡಿಸೋಕೆ ಸಿಬ್ಬಂದಿ ಗಂಟೆಗಟ್ಟಲೆ ಒದ್ದಾಡಿದ್ರು. ಆ ಗಡಿಬಿಡಿಯಲ್ಲಿ ಒಂದಿಷ್ಟು ನೀರು ಇನ್‌ಸ್ಟ್ರುಮೆಂಟ್ ಏರ್ ಪೈಪಿಗೆ ಹೊಕ್ಕಿತು ಅಂತ ನಂಬಲಾಗಿದೆ. ವಾಲ್ವ್‌ಗಳು ಮುಚ್ಚಿಕೊಂಡವು, ಪಂಪುಗಳು ನಿಂತವು. ಆಮೇಲೆ ತೆರೆದುಕೊಂಡ ಇನ್ನೊಂದು ವಾಲ್ವ್ ಮುಚ್ಚಲೇ ಇಲ್ಲ. ಅದು ಕಂಟ್ರೋಲ್ ರೂಮಿನವರಿಗೆ ಗೊತ್ತೂ ಆಗಲಿಲ್ಲ. ಕೊನೆಗೆ ರಿಯಾಕ್ಟರಿನ ಇಂಧನದ ಸುಮಾರು ಅರ್ಧ ಕರಗಿಹೋಯ್ತು. ಎಲ್ಲಕ್ಕೂ ಆ ನೀರೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಸರಣಿ ಶುರುವಾದದ್ದು ಅಲ್ಲಿಂದ.

ಕಾರ್ಖಾನೆಗಳಲ್ಲಿ ಎಷ್ಟೋ ವಾಲ್ವ್‌ಗಳನ್ನು ತೆರೆದು ಮುಚ್ಚೋದು ಕರೆಂಟ್ ಅಲ್ಲ, ಒತ್ತಿದ ಗಾಳಿ. ಗಾಳಿಯಿಂದ ಕಿಡಿ ಹಾರಲ್ಲ, ಪೆಟ್ರೋಲ್, ಗ್ಯಾಸ್ ಇರೋ ಕಡೆ ಅದೇ ಕ್ಷೇಮ. ಆದ್ರೆ ಈ ಉಪಕರಣಗಳ ಒಳಗೆ ಗಾಳಿ ಹಾಯೋ ರಂಧ್ರಗಳು ತೀರಾ ಸಣ್ಣವು. ಒಂದು ಹನಿ ನೀರು, ಒಂದು ಚೂರು ತುಕ್ಕು ಸಾಕು, ವಾಲ್ವ್ ತಪ್ಪಾಗಿ ವರ್ತಿಸುತ್ತೆ.

ಸರಿ, ಗಾಳಿಯಲ್ಲಿ ನೀರು ಎಲ್ಲಿಂದ ಬರುತ್ತೆ? ಪಂಕ್ಚರ್ ಅಂಗಡಿಯವರು ಕಂಪ್ರೆಸರ್ ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ನೀರು ಬಿಡೋದನ್ನ ನೀವು ನೋಡಿರ್ತೀರ. ಯಾರೂ ಒಳಗೆ ನೀರು ಹಾಕಿಲ್ಲ. ಲೆಕ್ಕ ನೋಡಿ: 30 ಡಿಗ್ರಿ ಸೆಲ್ಸಿಯಸ್, ಶೇ 80 ತೇವ ಇರೋ ದಿನ 8 ಘನ ಮೀಟರ್ ಗಾಳಿಯಲ್ಲಿ ಸುಮಾರು 190 ಗ್ರಾಂ ನೀರಾವಿ ಇರುತ್ತೆ. ಅದನ್ನು ಒತ್ತಿ 1 ಘನ ಮೀಟರ್ ಮಾಡಿ, ಮತ್ತೆ 30 ಡಿಗ್ರಿಗೆ ತಣಿಸಿದರೆ ಅಲ್ಲಿ ಆವಿಯಾಗಿ ಉಳಿಯೋದು ಬರೀ 30 ಗ್ರಾಂ. ಮಿಕ್ಕ 160 ಗ್ರಾಂ ನೀರಾಗಿ ಇಳಿಯುತ್ತೆ.

ಅದನ್ನು ಟ್ಯಾಂಕಿನಿಂದ ಹೊರಬಿಟ್ಟರೂ ಉಳಿದ ಗಾಳಿ ತೇವದಿಂದ ತುಂಬಿರುತ್ತೆ. ಪೈಪ್ ಸ್ವಲ್ಪ ತಣ್ಣಗಾದರೂ ಮತ್ತೆ ಹನಿ. ಅದಕ್ಕೇ ಡ್ರೈಯರ್. ಫ್ರಿಜ್ ಥರ ತಣಿಸುವ ಡ್ರೈಯರ್ ಇಬ್ಬನಿ ಬಿಂದುವನ್ನು, ಅಂದ್ರೆ ಹನಿಗಟ್ಟೋ ತಾಪಮಾನವನ್ನು, ಸುಮಾರು 3 ಡಿಗ್ರಿಗೆ ಇಳಿಸುತ್ತೆ. ಚಳಿದೇಶದಲ್ಲಿ ಅದು ಸಾಲದು, ಪೈಪಲ್ಲೇ ಹಿಮಗಟ್ಟುತ್ತೆ. ಅಲ್ಲಿ ತೇವ ಹೀರುವ ಮಣಿಗಳ ಡ್ರೈಯರ್ ಬೇಕು, ಅದು ಮೈನಸ್ 40ರವರೆಗೂ ಹೋಗುತ್ತೆ. ಉಪಕರಣ ಕಾಣುವ ಅತಿ ಕಡಿಮೆ ತಾಪಮಾನಕ್ಕಿಂತ ಇಬ್ಬನಿ ಬಿಂದು ಕನಿಷ್ಠ 10 ಡಿಗ್ರಿ ಕೆಳಗಿರಬೇಕು ಅನ್ನೋದು ಈ ಕ್ಷೇತ್ರದ ನಿಯಮ.

ತ್ರೀ ಮೈಲ್ ಐಲ್ಯಾಂಡ್‌ನ ನೀರು ಮಾತ್ರ ಗಾಳಿಯ ತೇವ ಅಲ್ಲ, ನೀರಿನ ಕಡೆಯಿಂದಲೇ ಹಿಂದಕ್ಕೆ ನುಗ್ಗಿದ್ದು. ಅದನ್ನು ತಡೆಯಬೇಕಿದ್ದದ್ದು ಡ್ರೈಯರ್ ಅಲ್ಲ, ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವ್.