ಕೆಂಡದಲ್ಲಿ ಮಾಂಸ ಸುಡಲು ಯಾವ ಇಂಧನ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸುತ್ತ ಉರುವಲಿಗೆ ಬರವಿಲ್ಲ. ಕಬ್ಬಿನ ರವದಿ, ಕಬ್ಬಿನ ಸಿಪ್ಪೆ, ಹತ್ತಿಕಟ್ಟಿಗೆ, ಕುಳ್ಳು, ಬಳ್ಳಾರಿ ಜಾಲಿ ಎಲ್ಲವೂ ಉರಿಯುತ್ತವೆ. ಆದರೆ ಮನೆಯಲ್ಲಿ ಕಂಬಿಗೆ ಚುಚ್ಚಿದ ಕೋಳಿ ಅಥವಾ ಕುರಿಯ ಮಾಂಸವನ್ನು ಸುಡಲು ಇವುಗಳಲ್ಲಿ ಯಾವುದು ತಕ್ಕುದು? ಉತ್ತರ ಉಷ್ಣ ಪ್ರಸಾರದ ಪಾಠದಲ್ಲಿದೆ.

ಆಲೆಮನೆಯಲ್ಲಿ ಅಗಲವಾದ ಕೊಪ್ಪರಿಗೆಯ ಕೆಳಗೆ ಒಣಸಿಪ್ಪೆ ಉರಿಸುವುದನ್ನು ನೀವು ನೋಡಿರಬಹುದು. ಅದರ ಉದ್ದನೆಯ ಜ್ವಾಲೆ ಕೊಪ್ಪರಿಗೆಯ ತಳವನ್ನೆಲ್ಲ ತಾಕುತ್ತದೆ. ಇಲ್ಲಿ ಬಿಸಿ ಅನಿಲದ ಸಂವಹನದ ಪಾತ್ರ ದೊಡ್ಡದು. ಕೆಂಡದ ಮೇಲಿನ ಮಾಂಸಕ್ಕಾದರೋ ಶಾಖ ಹೆಚ್ಚಾಗಿ ವಿಕಿರಣದಿಂದ ಬರುತ್ತದೆ. ಸ್ಟೀಫಾನ್ ನಿಯಮದಂತೆ ವಿಕಿರಣವು ನಿರಪೇಕ್ಷ ತಾಪದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಕೆಂಡವನ್ನು ಕೃಷ್ಣಕಾಯವೆಂದು ಭಾವಿಸಿ ಲೆಕ್ಕ ಹಾಕಿ: 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚದರ ಮೀಟರಿಗೆ ಸುಮಾರು 20 ಕಿಲೊವಾಟ್, 700 ಡಿಗ್ರಿಯಲ್ಲಿ ಸುಮಾರು 51. ಬೀಸಣಿಗೆ ಬೀಸಿ ಕೆಂಡ ಕೆಂಪೇರಿದೊಡನೆ ಮಾಂಸ ಬೇಗ ಬೇಯುವುದು ಇದರಿಂದಲೇ.

ಹಾಗಾದರೆ ಬೇಕಾದುದು ಉರಿಯಲ್ಲ, ಬಹಳ ಹೊತ್ತು ಬಾಳುವ ಕೆಂಡ. ಹಸಿ ಸಿಪ್ಪೆಯ ತೂಕದಲ್ಲಿ ಸುಮಾರು ಅರ್ಧ ನೀರೇ. ರವದಿ ಭಗ್ಗೆಂದು ಉರಿದು ಬೂದಿಯಾಗುತ್ತದೆ. ಸೀತನಿ ಸುಡಲು ಒದಗುವ ಕುಳ್ಳಿನಲ್ಲಿ ಹೊಗೆಯೂ ಬೂದಿಯೂ ಹೆಚ್ಚು. ಕಟ್ಟಿಗೆಯನ್ನು ಗಾಳಿ ಸಾಲದೆಡೆ ಕಾಯಿಸಿದಾಗ ನೀರೂ ಹೊಗೆಯಾಗುವ ಪದಾರ್ಥಗಳೂ ಹೊರಟು ಬಹುಪಾಲು ಇಂಗಾಲ ಉಳಿಯುತ್ತದೆ. ಇದೇ ಇದ್ದಲು. ಒಣಕಟ್ಟಿಗೆ ಕಿಲೋಗ್ರಾಮಿಗೆ ಸುಮಾರು 16 ಮೆಗಾಜೌಲ್ ಶಾಖ ಕೊಟ್ಟರೆ ಇದ್ದಲು ಸುಮಾರು 29 ಕೊಡುತ್ತದೆ. ಜಾಲಿಯಂಥ ಗಟ್ಟಿಮರದ ಇದ್ದಲು ಸಾಂದ್ರವಾದ್ದರಿಂದ ಬೇಗ ಸವೆಯದು. ನಮ್ಮ ಆಯ್ಕೆ ಇದೇ ಆಗಲಿ. ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್ ಮಾತ್ರ ಬೇಡವೇ ಬೇಡ.

ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಏಳುವ ಹೊಗೆಯಲ್ಲಿ ಕ್ಯಾನ್ಸರ್‌ಕಾರಕವಾದ ಬೆಂಜೊಪೈರೀನ್ ಇರುತ್ತದೆ. ಕೆಂಡವನ್ನು ಬದಿಗೆ ಸರಿಸಿ, ತೊಟ್ಟಿಕ್ಕುವ ಜಾಗವನ್ನು ಖಾಲಿ ಬಿಡಿ. ಕರಿಕಾದ ಭಾಗವನ್ನು ತೆಗೆದುಹಾಕಿ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಇದ್ದಲಿನಲ್ಲಿ ಹೊಗೆ ಕಡಿಮೆಯೆಂದು ಕೆಲವರು ಅದನ್ನು ಕೋಣೆಯೊಳಗೆ ಉರಿಸುತ್ತಾರೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಹಿಮೊಗ್ಲೋಬಿನ್‌ಗೆ ಅಂಟಿಕೊಳ್ಳುವ ಒಲವು ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು. ತಲೆನೋವು, ವಾಕರಿಕೆ, ಮಂಪರು, ಕೊನೆಗೆ ಸಾವು. ಕೆಂಡದ ಮೇಲೆ ಬಿಳಿ ಬೂದಿ ಮುಚ್ಚಿದ್ದರೂ ಅನಿಲ ನಿಂತಿರುವುದಿಲ್ಲ. ಒಂದು ಕಿಟಕಿ ತೆರೆದರೆ ಸಾಲದು. ರಬಕವಿ-ಬನಹಟ್ಟಿಯಲ್ಲಿ ಮಗ್ಗವಿರುವ ಮನೆಗಳೂ ಇವೆ. ಅಲ್ಲಿ ನೂಲಿಗೆ ಕಿಡಿ ತಾಗುವ ಭಯ ಬೇರೆ. ಆದುದರಿಂದ ಸುಡುವ ಕೆಲಸವೆಲ್ಲ ಬಯಲಿನಲ್ಲೇ ನಡೆಯಲಿ. ಮುಗಿದ ಮೇಲೆ ಕೆಂಡಕ್ಕೆ ನೀರು ಹಾಕಿ ಪೂರ್ತಿ ಆರಿಸಿ. ಚಳಿಯೆಂದು ಮಲಗುವ ಕೋಣೆಗೆ ಒಯ್ಯಬೇಡಿ.