ಶಾಸನಕೋಶದ ತೆರೆವಿನ್ಯಾಸ ಮತ್ತು ಮುನ್ನೋಟ: ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಾಸನಗಳನ್ನು ಅನುಲಕ್ಷಿಸಿ

ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟವು (1902) ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು, ಎಂಟನೆಯ ಸಂಪುಟವು (1904) ಸೊರಬ ತಾಲ್ಲೂಕಿನ ಶಾಸನಗಳನ್ನು ಒಳಗೊಂಡಿದೆ. ತಾಳಗುಂದ, ಬಳ್ಳಿಗಾವೆಗಳು ಒಂದರಲ್ಲಿಯೂ ಕುಬಟೂರು, ಉದ್ರಿಗಳು ಇನ್ನೊಂದರಲ್ಲಿಯೂ ಸೇರಿವೆ. ನೆರೆಹೊರೆಯ ಈ ಶಾಸನಗಳನ್ನು ಒಟ್ಟಾಗಿ ಹುಡುಕಲು ಗಣಕೀಕೃತ ಶಾಸನಕೋಶವೊಂದು ಸಹಜವಾದ ಸಾಧನವಾಗುತ್ತದೆ. ಆದರೆ ಅಂತಹ ಕೋಶದ ತೆರೆಯಲ್ಲಿ ಯಾವ ಅಂಕಣಗಳಿರಬೇಕು, ಅವುಗಳಿಗೆ ಯಾವ ಹೆಸರಿರಬೇಕು ಎಂಬುದನ್ನು ಸಾಮಾನ್ಯವಾಗಿ ತಂತ್ರಜ್ಞರೇ ನಿರ್ಧರಿಸುತ್ತಾರೆ. ಕನ್ನಡ ವಿದ್ವಾಂಸರು ಅದನ್ನು ನೋಡುವುದು ತಂತ್ರಾಂಶವು ಪೂರ್ಣಗೊಂಡ ಬಳಿಕ. ಈ ಅಂತರವನ್ನು ಕಡಿಮೆ ಮಾಡಬಲ್ಲ ಸಣ್ಣ ಸಾಧನವೊಂದರ ಪರಿಚಯ ಪ್ರಸ್ತುತ ಲೇಖನದ ಉದ್ದೇಶ.

ಲಿನಕ್ಸ್ ಗಣಕಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಜಿಟಿಕೆ ಎಂಬ ತಂತ್ರಾಂಶ ಸಲಕರಣೆಯಲ್ಲಿ ತೆರೆಯ ವಿನ್ಯಾಸವನ್ನು ಪ್ರೋಗ್ರಾಮಿನಿಂದ ಬೇರ್ಪಡಿಸಿ ಪ್ರತ್ಯೇಕ ಕಡತದಲ್ಲಿ ಬರೆದಿಡಬಹುದು. 2007ರಲ್ಲಿ ಹೊರಬಂದ 2.12ನೆಯ ಆವೃತ್ತಿಯಿಂದ ಈ ವ್ಯವಸ್ಥೆಯು ಜಿಟಿಕೆಯ ಅಂಗವಾಗಿಯೇ ಇದೆ. ಎಕ್ಸ್‌ಎಂಎಲ್ ರೂಪದ ಈ ಪಠ್ಯಕಡತದಲ್ಲಿ ಪ್ರತಿಯೊಂದು ಗುಂಡಿ, ಹೆಸರುಪಟ್ಟಿ ಹಾಗೂ ಅಂಕಣದ ವಿವರವಿರುತ್ತದೆ. ಕಮಾಂಡ್ ಲೈನಿನಲ್ಲಿ ‘ಜಿಟಿಕೆ-ಬಿಲ್ಡರ್-ಟೂಲ್ ಪ್ರಿವ್ಯೂ’ ಎಂಬ ಆದೇಶವನ್ನೂ ಕಡತದ ಹೆಸರನ್ನೂ ಬೆರಳಚ್ಚಿಸಿದರೆ ಆ ವಿನ್ಯಾಸವು ಕಿಟಕಿಯಾಗಿ ತೆರೆದುಕೊಳ್ಳುತ್ತದೆ. ‘ಪ್ರಿವ್ಯೂ’ ಬದಲಿಗೆ ‘ವ್ಯಾಲಿಡೇಟ್’ ಎಂದರೆ ಕಡತದ ದೋಷಗಳು ವರದಿಯಾಗುತ್ತವೆ. ಪ್ರೋಗ್ರಾಮು ಇನ್ನೂ ಸಿದ್ಧವಾಗಿರಬೇಕಾಗಿಲ್ಲ. ಮುದ್ರಣದಲ್ಲಿ ಕರಡಚ್ಚಿಗೆ ಇರುವ ಸ್ಥಾನವೇ ಇಲ್ಲಿ ಮುನ್ನೋಟಕ್ಕಿದೆ.

ಮುನ್ನೋಟದಲ್ಲಿ ವಿದ್ವಾಂಸರು ಪರಿಶೀಲಿಸಬೇಕಾದ ಅಂಶಗಳು ಮುಖ್ಯವಾಗಿ ಮೂರು.

ಮೊದಲನೆಯದು ಕಾಲನಿರ್ದೇಶನ. ದಿನ, ತಿಂಗಳು, ಇಸವಿಯುಳ್ಳ ಸಿದ್ಧ ಪಂಚಾಂಗವನ್ನು ತಂತ್ರಜ್ಞರು ಅಳವಡಿಸಿದ್ದರೆ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ. ಶಾಸನಕ್ಕೆ ಬೇಕಾದುದು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳಿಗೆ ಪ್ರತ್ಯೇಕ ಅಂಕಣ. ತಾಳಗುಂದದ ಪ್ರಸಿದ್ಧ ಸ್ತಂಭಶಾಸನದಲ್ಲಿ (ಶಿಕಾರಿಪುರ 176) ತೇದಿಯೇ ಇಲ್ಲ. ಅದನ್ನು ಐದನೆಯ ಶತಮಾನಕ್ಕೆ ಸೇರಿಸಿರುವುದು ವಿದ್ವಾಂಸರ ನಿರ್ಣಯ. ‘ಕಾಲ’ ಎಂಬ ಒಂದೇ ಅಂಕಣವಿದ್ದಲ್ಲಿ ಶಾಸನೋಕ್ತ ತೇದಿ ಮತ್ತು ಊಹಿತ ಕಾಲ ಬೆರೆತು, ಊಹೆಯೇ ಮುಂದೆ ಆಧಾರವಾಗಿ ಉಲ್ಲೇಖಗೊಳ್ಳುವ ಅಪಾಯವಿದೆ.

ಎರಡನೆಯದು ಸ್ಥಳನಾಮ. ತಾಳಗುಂದವು ಶಾಸನಗಳಲ್ಲಿ ‘ಸ್ಥಾಣಕುಂದೂರು’ ಎಂದು ಬರುತ್ತದೆ. ಆದ್ದರಿಂದ ಶಾಸನೋಕ್ತ ಹೆಸರು ಮತ್ತು ಇಂದಿನ ಹೆಸರಿಗೆ ಎರಡು ಅಂಕಣಗಳು ಅಗತ್ಯ. ‘ಶಾಸನೋಕ್ತ ಸ್ಥಳನಾಮ’ದಂತಹ ದೀರ್ಘ ಹೆಸರುಪಟ್ಟಿಗಳು, ಇಂಗ್ಲಿಷ್ ಪದಗಳಿಗೆಂದು ನಿಗದಿಯಾದ ಅಗಲದಲ್ಲಿ ಹಿಡಿಯದೆ ಮೊಟಕಾಗಿ ಚುಕ್ಕಿಗಳಲ್ಲಿ ಕೊನೆಗೊಳ್ಳುವುದೂ ಮುನ್ನೋಟದಲ್ಲಿ ಗೋಚರಿಸುತ್ತದೆ.

ಮೂರನೆಯದು ಲಿಪಿ. ಹಳಗನ್ನಡ ಪಾಠಗಳಿಗೆ ಅನಿವಾರ್ಯವಾದ ಱ, ೞ ಅಕ್ಷರಗಳಿಗೆ ಯುನಿಕೋಡಿನಲ್ಲಿ ಸ್ಥಾನವಿದೆ. ಆದರೆ ೞಕಾರಕ್ಕೆ ಅಲ್ಲಿ ‘ಫ’ ಎಂಬ ತಪ್ಪು ಹೆಸರು ಅಂಟಿಕೊಂಡಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಮಾತ್ರ ಸೇರಿಸಲಾಗಿದೆ. ನಕಾರ ಪೊಲ್ಲು ಸೇರ್ಪಡೆಯಾದದ್ದು 2021ರಲ್ಲಿ. ಅಕ್ಷರಕ್ಕೆ ಸಂಕೇತವಿದ್ದ ಮಾತ್ರಕ್ಕೆ ಎಲ್ಲ ಫಾಂಟುಗಳಲ್ಲೂ ಅದರ ರೂಪವಿರುತ್ತದೆ ಎನ್ನುವಂತಿಲ್ಲ. ಈ ಅಕ್ಷರಗಳಿರುವ ಮಾದರಿ ಪಾಠವನ್ನು ವಿನ್ಯಾಸ ಕಡತದಲ್ಲಿ ಸೇರಿಸಿ ನೋಡಿದರೆ, ರೂಪವಿಲ್ಲದೆಡೆ ಅಕ್ಷರದ ಬದಲು ಚೌಕ ಕಾಣುತ್ತದೆ.

ಈ ಸಾಧನಕ್ಕೆ ಮಿತಿಗಳೂ ಇವೆ. ಮುನ್ನೋಟದಲ್ಲಿ ಹುಡುಕಾಟ ನಡೆಯುವುದಿಲ್ಲ. ಗುಂಡಿಗಳ ಹಿಂದೆ ಪ್ರೋಗ್ರಾಮಿಲ್ಲ. ಕನ್ನಡ ಅನುವಾದವು ಬೇರೆ ಕಡತದಲ್ಲಿದ್ದರೆ ಮೂಲ ಇಂಗ್ಲಿಷ್ ಪಠ್ಯವೇ ತೋರಬಹುದು. ಆಗ ವಿನ್ಯಾಸ ಕಡತದ ಪ್ರತಿಯೊಂದರಲ್ಲಿ ಕನ್ನಡ ಪದಗಳನ್ನು ನೇರವಾಗಿ ಬರೆದು ಪರೀಕ್ಷಿಸುವುದು ಸುಲಭಮಾರ್ಗ.

ಶಾಸನ ಸಂಪಾದನೆಯಲ್ಲಿ ಪಾಠನಿರ್ಣಯಕ್ಕೆ ಕೊಡುವ ಎಚ್ಚರವನ್ನು ತೆರೆಯ ಅಂಕಣಗಳಿಗೂ ಕೊಡಬೇಕಾಗಿದೆ. ಸಾವಿರಾರು ಶಾಸನಗಳ ವಿವರ ತುಂಬಿದ ಮೇಲೆ ಒಂದು ಅಂಕಣವನ್ನು ಎರಡಾಗಿಸಬೇಕೆಂದರೆ ಪ್ರತಿ ಶಾಸನವನ್ನೂ ಮತ್ತೆ ಓದಬೇಕಾಗುತ್ತದೆ. ಮುನ್ನೋಟದ ಹಂತದಲ್ಲಾದರೆ ಅದು ಕಡತದ ಕೆಲವು ಸಾಲುಗಳ ತಿದ್ದುಪಡಿ ಮಾತ್ರ.