ಮುಖಪುಟಕ್ಕೆ ಯಾವ ಗಳಿಗೆ?

ರಾಜನ ಹೆಗಲ ಮೇಲೆ ಹೆಣ, ಕೈಯಲ್ಲಿ ಹಿರಿದ ಕತ್ತಿ, ಸುತ್ತ ಸ್ಮಶಾನದ ಕತ್ತಲು. ‘ಚಂದಮಾಮ’ ಓದಿ ಬೆಳೆದವರಿಗೆ ಈ ಚಿತ್ರದ ಪರಿಚಯ ಹೇಳಬೇಕಾಗಿಲ್ಲ. 1947ರಲ್ಲಿ ಮದ್ರಾಸಿನಿಂದ ತೆಲುಗು ಮತ್ತು ತಮಿಳಿನಲ್ಲಿ ಹೊರಟ ಆ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೆ, 1952ರಲ್ಲಿ ‘ಚಾಂದೋಬಾ’ ಎಂಬ ಹೆಸರಿನಿಂದ ಮರಾಠಿಗೆ ಬಂತು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳಂತಹ ಗಡಿಸೀಮೆಯಲ್ಲಿ ಎರಡೂ ಭಾಷೆಗಳು ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಇಂತಲ್ಲಿ ಕನ್ನಡ ಶಾಲೆಯ ಹುಡುಗನಿಗೂ ಮರಾಠಿ ಶಾಲೆಯ ಹುಡುಗಿಗೂ ಅಕ್ಷರ ಬೇರೆಯಾದರೂ ಕಥೆಯೊಳಗೆ ಹೋಗುವ ಚಿತ್ರದ ಬಾಗಿಲು ಒಂದೇ.

ಆ ಚಿತ್ರ ಬರೆದವರು ‘ಶಂಕರ್’ ಎಂದು ಹೆಸರಾದ ಕೆ.ಸಿ. ಶಿವಶಂಕರನ್ (1924–2020). ಬೇತಾಳನ ಕಥೆಗಳಲ್ಲಿ ರೋಮಾಂಚನದ ಸನ್ನಿವೇಶಗಳಿಗೆ ಬರವಿಲ್ಲ. ರಾಜನ ಮೌನ ಮುರಿಯುತ್ತದೆ, ಹೆಣ ಹಾರಿ ಮತ್ತೆ ಮರ ಸೇರುತ್ತದೆ, ಕೊನೆಗೆ ಕಪಟ ಸನ್ಯಾಸಿಯ ತಲೆ ಉರುಳುತ್ತದೆ. ಕಲಾವಿದರು ಅವೆಲ್ಲವನ್ನೂ ಬಿಟ್ಟು ಬರಿಯ ನಡಿಗೆಯನ್ನು ಆರಿಸಿಕೊಂಡರು. ಏಕೆ?

ಈ ಪ್ರಶ್ನೆಗೆ ಜರ್ಮನಿಯ ಲೇಖಕ ಲೆಸ್ಸಿಂಗ್ 1766ರಲ್ಲಿ ಪ್ರಕಟಿಸಿದ ‘ಲಾವೋಕೂನ್’ ಗ್ರಂಥದಲ್ಲಿ ಉತ್ತರವಿದೆ. ಕವಿಗೆ ಕಾಲವೆಲ್ಲ ಸಿಗುತ್ತದೆ, ಚಿತ್ರಕಾರನಿಗೆ ಸಿಗುವುದು ಒಂದೇ ಗಳಿಗೆ. ಆ ಗಳಿಗೆ ಘಟನೆಯ ತುತ್ತತುದಿಯಾದರೆ ನೋಡುವವನ ಕಲ್ಪನೆಗೆ ಮುಂದೆ ಹೋಗಲು ದಾರಿಯಿಲ್ಲ. ಮಕ್ಕಳನ್ನು ಕೊಂದ ಮೆಡಿಯಾಳ ಕಥೆಯನ್ನು ಚಿತ್ರಿಸಿದ ಪ್ರಾಚೀನ ಗ್ರೀಕ್ ಕಲಾವಿದ ಟಿಮೊಮಾಕಸ್ ಕೊಲೆಯನ್ನು ತೋರಿಸಲಿಲ್ಲ. ಕೊಲೆಗೆ ಮುನ್ನ ಆ ತಾಯಿಯ ಮನಸ್ಸಿನ ಹೊಯ್ದಾಟವನ್ನು ತೋರಿಸಿದ ಎಂದು ಲೆಸ್ಸಿಂಗ್ ಮೆಚ್ಚುತ್ತಾನೆ.

ಬೆಳಗಾವಿ ಸೀಮೆಯವರಿಗೆ ಈ ಮಾತು ತಿಳಿಯಲು ಜರ್ಮನಿಗೆ ಹೋಗಬೇಕಿಲ್ಲ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡ ‘ಶ್ರೀಕೃಷ್ಣ ಪಾರಿಜಾತ’ವನ್ನೇ ನೋಡಬಹುದು. ನಾರದ ತಂದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಪುರಾಣದಲ್ಲಿ ಕೃಷ್ಣ ಇಂದ್ರನೊಡನೆ ಕಾದಾಡಿ ಮರವನ್ನೇ ತರುತ್ತಾನೆ. ಆದರೆ ಆಟದ ಜೀವವಿರುವುದು ಯುದ್ಧದಲ್ಲಲ್ಲ, ಭಾಮೆಯ ಮುನಿಸಿನಲ್ಲಿ. ಈ ಕಥೆಗೆ ಮುಖಪುಟ ಬೇಕೆಂದರೆ ಐರಾವತ, ವಜ್ರಾಯುಧಗಳಿಗಿಂತ ಮುಖ ತಿರುವಿ ಕುಳಿತ ಹೆಣ್ಣು ಮತ್ತು ದೂರದಲ್ಲೊಂದು ಹೂವು ಹೆಚ್ಚು ಹೇಳುತ್ತವೆ.

ಅದ್ಭುತ ಕಾದಂಬರಿಯ ಮುಖಪುಟಕ್ಕೆ ದೃಶ್ಯ ಆರಿಸುವವರು ಇದರಿಂದ ಮೂರು ಸಂಗತಿಗಳನ್ನು ತಿಳಿಯಬಹುದು. ಮೊದಲನೆಯದು, ದೃಶ್ಯ ಕಥೆಯ ಆರಂಭದ ಭಾಗದ್ದಾಗಿರಬೇಕು. ಕೊನೆಯ ಗುಟ್ಟು ಹೊದಿಕೆಯ ಮೇಲೆಯೇ ಬಯಲಾದರೆ ಒಳಗಿನ ಮುನ್ನೂರು ಪುಟ ಓದುವ ಕುತೂಹಲ ಉಳಿಯದು. ಎರಡನೆಯದು, ಚಿತ್ರದಲ್ಲಿ ಒಂದೋ ಎರಡೋ ಆಕೃತಿಗಳು ಸಾಕು. ಬಸ್ ನಿಲ್ದಾಣದ ಅಂಗಡಿಯಲ್ಲಿ ಹತ್ತು ಪುಸ್ತಕಗಳ ನಡುವೆ ತೂಗುವ ಹೊತ್ತಗೆಯನ್ನು ಜನ ಹತ್ತು ಹೆಜ್ಜೆ ದೂರದಿಂದ ನೋಡುತ್ತಾರೆ; ಸೈನ್ಯವೆಲ್ಲ ತುಂಬಿದರೆ ಕಾಣುವುದು ಬಣ್ಣದ ಕಲೆಯಷ್ಟೇ. ಮೂರನೆಯದು, ಚಿತ್ರ ಸುಳ್ಳು ಹೇಳಬಾರದು. ಕಥೆಯಲ್ಲಿಲ್ಲದ ರಾಕ್ಷಸನನ್ನು ಮುಖಪುಟದಲ್ಲಿ ಕೂರಿಸಿದರೆ ಪುಸ್ತಕ ಒಮ್ಮೆ ಮಾರಾಟವಾದೀತು, ಆದರೆ ಅದೇ ಲೇಖಕನ ಮುಂದಿನ ಪುಸ್ತಕವನ್ನು ಮೋಸಹೋದ ಓದುಗ ಮುಟ್ಟುವುದಿಲ್ಲ.

ಶಂಕರ್ ಅವರ ಚಿತ್ರ ಈ ಮೂರಕ್ಕೂ ಸಲ್ಲುತ್ತದೆ. ಹೆಣ ಇನ್ನೂ ಬಾಯಿ ತೆರೆದಿಲ್ಲ, ರಾಜ ಇನ್ನೂ ಮೌನ ಮುರಿದಿಲ್ಲ. ಪ್ರತಿ ಕಥೆಯೂ ಆ ಹೆಜ್ಜೆಯಿಂದಲೇ ಶುರುವಾಗುವುದರಿಂದ ಒಂದೇ ಚಿತ್ರ ತಿಂಗಳು ತಿಂಗಳೂ ಬಂದರೂ ಹಳತಾಗಲಿಲ್ಲ. ‘ಚಂದಮಾಮ’ ನಿಂತುಹೋಯಿತು, 2021ರಲ್ಲಿ ಶಂಕರ್ ಅವರಿಗೆ ಮರಣೋತ್ತರವಾಗಿ ಪದ್ಮಶ್ರೀ ಸಂದಿತು. ಹಳೆಯ ಸಂಚಿಕೆಯನ್ನು ಟ್ರಂಕಿನ ತಳದಿಂದ ತೆಗೆದವರು ಕನ್ನಡದವರಿರಲಿ, ಮರಾಠಿಯವರಿರಲಿ, ಅಕ್ಷರಕ್ಕೆ ಮೊದಲು ಕಣ್ಣು ಹಾಯಿಸುವುದು ಆ ನಡಿಗೆಯ ಕಡೆಗೇ.